ಗುಳಿಗೆಯ ಗಳಿಗೆ

ಕಳೆದ ಮಾಘದಲ್ಲಿ ನಮ್ಮ ಮುದ್ರಣಾಲಯದಿಂದ ಹೊರಬೀಳಬೇಕಿದ್ದ ಒಂದು ಲಗ್ನಪತ್ರಿಕೆಯಲ್ಲಿ ‘ಬೆಳಿಗ್ಗೆ 10.35ರಿಂದ 11.20ರವರೆಗೆ ಸಲ್ಲುವ ಶುಭ ಗುಳಿಗೆಯಲ್ಲಿ’ ಎಂದು ಅಚ್ಚಾಗಿತ್ತು. ಗಕಾರಕ್ಕೆ ಒಂದು ಕೊಂಬು ಹೆಚ್ಚಾಗಿತ್ತು, ಅಷ್ಟೇ. ಐನೂರು ಪ್ರತಿ. ಅಚ್ಚುಮೊಳೆ ಜೋಡಿಸುವ ಕಾಲದಿಂದ ನಮ್ಮಲ್ಲಿ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಕಟ್ಟು ಕಟ್ಟುವಾಗ ಒಂದು ಪ್ರತಿಯನ್ನು ಬೆಳಕಿಗೆ ಹಿಡಿದು ಓದಿದರು. “ಏನಪ್ಪಾ, ಈ ವರ ತಾಳಿ ಕಟ್ಟುತ್ತಾನೋ, ಗುಳಿಗೆ ನುಂಗಿಸುತ್ತಾನೋ?” ಎಂದು ಕೇಳಿದರು.

ಅಕ್ಷರ ಜೋಡಿಸಿದವನು ನಾನೇ, ಪ್ರೂಫ್ ನೋಡಿದವನೂ ನಾನೇ. ಆ ದಿನ ಎಂಟೂವರೆಗೆ ಒಂದು ಗುಳಿಗೆ ನುಂಗಿ ಕುಳಿತಿದ್ದೆ. ಚಿಕಿತ್ಸೆಯ ಮೂರನೆಯ ವಾರ. ನಷ್ಟ ನನ್ನದೇ ಆದರೂ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಗಳಿಗೆಗಳನ್ನು ಮುದ್ರಿಸಿದ ಬೆರಳು ಮೂರೇ ವಾರದಲ್ಲಿ ಗುಳಿಗೆಯ ಪಕ್ಷ ಸೇರಿತ್ತು.

ಇದನ್ನು ಬರೆಯಬೇಕೆಂದು ಅಂದೇ ಅಂದುಕೊಂಡೆ. ಬರೆಯುತ್ತಿರುವುದು ವರ್ಷದ ಮೇಲೆ. ನನ್ನ ತೊಂದರೆ ಏನೆಂಬುದನ್ನು ಓದುಗರು ಇಷ್ಟರಿಂದಲೇ ಊಹಿಸಬಹುದು. ವೈದ್ಯರು ಅದಕ್ಕೆ ಎಡಿಎಚ್‌ಡಿ, ಎಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎನ್ನುತ್ತಾರೆ.

ನನ್ನ ಕಸುಬೇ ಬೇರೆಯವರ ಹೊತ್ತನ್ನು ಅಚ್ಚು ಹಾಕುವುದು. ದಾವಣಗೆರೆಯ ಹಳೇ ಊರಿನಲ್ಲಿ, ಗಡಿಯಾರ ಕಂಬದಿಂದ ನಡೆದು ಹೋಗುವಷ್ಟು ದೂರದ ಓಣಿಯಲ್ಲಿ ನಮ್ಮ ಅಂಗಡಿ. ಲಗ್ನದ ಮುಹೂರ್ತ, ಗೃಹಪ್ರವೇಶ, ಅಂಗಡಿ ಪೂಜೆ, ಶಿವಗಣಾರಾಧನೆ, ಎಲ್ಲದಕ್ಕೂ ತಿಥಿ, ವಾರ, ಗಂಟೆ, ನಿಮಿಷ. ನಿಮಿಷಗಳನ್ನು ಅಷ್ಟು ಕಟ್ಟುನಿಟ್ಟಾಗಿ ಜೋಡಿಸುವ ನಾನು ಯಾವ ಕೆಲಸವನ್ನೂ ಹೇಳಿದ ದಿನಕ್ಕೆ ಕೊಟ್ಟವನಲ್ಲ. ಶಿವಗಣಾರಾಧನೆಯ ಕಾರ್ಡುಗಳು ಕಾರ್ಯ ಮುಗಿದ ಮರುದಿನ ತಲುಪಿದ ಪ್ರಸಂಗವೂ ಒಂದಿದೆ. ಆ ಮನೆಯವರು ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮಾತನಾಡಿಸುತ್ತಿರಲಿಲ್ಲ.

ಇದನ್ನು ಸೋಮಾರಿತನ ಎಂದವರಿದ್ದಾರೆ, ಕೊಬ್ಬು ಎಂದವರೂ ಇದ್ದಾರೆ. ನನಗೆ ಅನಿಸುತ್ತಿದ್ದುದು ಬೇರೆ. ನನ್ನ ಕಾಲದಲ್ಲಿ ಎರಡೇ ಕೋಣೆಗಳಿದ್ದವು: ‘ಈಗ’ ಮತ್ತು ‘ಆಮೇಲೆ’. ಹತ್ತು ನಿಮಿಷ ಬಿಟ್ಟು ಆಗಬೇಕಾದದ್ದೂ ಆಮೇಲೆ, ಮುಂದಿನ ಶ್ರಾವಣದಲ್ಲಿ ಆಗಬೇಕಾದದ್ದೂ ಆಮೇಲೆ. ಎರಡೂ ಒಂದೇ ಕತ್ತಲೆಯಲ್ಲಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅಲ್ಲಿಂದ ಯಾವುದಾದರೂ ಈಚೆಗೆ ಬಂದರೆ ಕದ ತಟ್ಟಿ ಬರುತ್ತಿರಲಿಲ್ಲ, ಮುರಿದುಕೊಂಡೇ ಬರುತ್ತಿತ್ತು. ಕಾರ್ಡು ಕೊಡಬೇಕಾದ ದಿನ ಗಿರಾಕಿ ಎದುರಿಗೆ ನಿಂತಾಗ ನನಗಾಗುತ್ತಿದ್ದ ಆಶ್ಚರ್ಯ ನಟನೆಯಲ್ಲ.

ಚಿಕ್ಕಂದಿನಲ್ಲಿ ಇದು ಇಷ್ಟು ಕಾಣುತ್ತಿರಲಿಲ್ಲ. ಅದಕ್ಕೆ ಕಾರಣ ಮಿಲ್ಲು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದ ಕೊನೆಯ ವರ್ಷಗಳು ಅವು. ಅಪ್ಪ ಹತ್ತಿ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು, ಕೈಗಡಿಯಾರ ಕಟ್ಟಿದವರಲ್ಲ. ಸೈರನ್ ಕೂಗಿದರೆ ಓಣಿಗೆ ಓಣಿಯೇ ಅಲುಗುತ್ತಿತ್ತು. ಒಬ್ಬರು ಬುತ್ತಿ ಕಟ್ಟುತ್ತಿದ್ದರು, ಇನ್ನೊಬ್ಬರು ಮಕ್ಕಳ ಹೊದಿಕೆ ಎಳೆಯುತ್ತಿದ್ದರು. ಯಾರೂ ಗಡಿಯಾರ ನೋಡಬೇಕಾಗಿರಲಿಲ್ಲ, ಹೊತ್ತೇ ಬಂದು ಬಾಗಿಲಲ್ಲಿ ಕೂಗುತ್ತಿತ್ತು. ಮುಂದೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಪ್ಪನ ಕೆಲಸ ಹೋಯಿತು. ಅದರ ಜೊತೆಗೆ ನನ್ನ ಗಡಿಯಾರವೂ ಹೋಯಿತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಈ ತೊಂದರೆಯನ್ನು ಒಂದು ಬಗೆಯ ಕಾಲಗುರುಡು ಎಂದು ವಿವರಿಸುತ್ತಾರೆ. ಹೊತ್ತನ್ನು ತಲೆಯೊಳಗೆ ನಂಬಿ ಕೂರಬೇಡಿ, ಹೊರಗೆ ಕಣ್ಣಿಗೆ ಕಿವಿಗೆ ಸಿಗುವಂತೆ ಇಡಿ ಎನ್ನುವುದು ಅವರ ಸಲಹೆ. ಓದಿದಾಗ ನನಗೆ ನೆನಪಾದದ್ದು ಮಿಲ್ಲಿನ ಸೈರನ್.

ಮೊದಲು ಗೊತ್ತಾದದ್ದು ಮಗಳ ವಿಷಯ. ಒಂಬತ್ತು ವರ್ಷ; ಶಾಲೆಯಿಂದ ದೂರಿನ ಮೇಲೆ ದೂರು. ಮನೋವೈದ್ಯರು ಅವಳಿಗೆ ಎಡಿಎಚ್‌ಡಿ ಇದೆ ಎಂದರು. ಬರೆಯುತ್ತಲೇ, “ಮನೆಯಲ್ಲಿ ಇವಳು ಯಾರ ಹಾಗೆ?” ಎಂದು ಕೇಳಿದರು. ಹೆಂಡತಿ ಬಾಯಿ ತೆರೆಯಲಿಲ್ಲ, ನನ್ನತ್ತ ತಿರುಗಿದಳು. ಅಂದು ನಾವು ಆ ಕೋಣೆಗೆ ನಲವತ್ತು ನಿಮಿಷ ತಡವಾಗಿ ಬಂದಿದ್ದೆವು, ನನ್ನಿಂದಾಗಿ.

ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ ಹನ್ನೆರಡು ವರ್ಷಕ್ಕೆ ಮುಂಚೆಯೇ ಲಕ್ಷಣಗಳು ಇದ್ದುವೇ ಎಂದು ನೋಡುತ್ತಾರೆ. ಸಾಕ್ಷಿಗೆ ಅವ್ವನನ್ನು ಕರೆದುಕೊಂಡು ಹೋದೆ. “ಇವನು ಚಿಕ್ಕವನಿದ್ದಾಗಿನಿಂದ ಹೀಗೆಯೇನಮ್ಮ?” ಎಂದು ವೈದ್ಯರು ಕೇಳಿದರೆ, “ಹುಟ್ಟಿದ್ದೇ ಹತ್ತು ದಿನ ತಡವಾಗಿ ಸಾಹೇಬರೇ” ಎಂದಳು.

ರಕ್ತದೊತ್ತಡ ನೋಡಿ, ಇಸಿಜಿ ತೆಗೆಸಿ, ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರು. ಔಷಧದ ಚೀಟಿ ಎರಡು ಪ್ರತಿ. ನಮ್ಮ ದೇಶದಲ್ಲಿ ಇದು ಶೆಡ್ಯೂಲ್ ಎಕ್ಸ್‌ಗೆ ಸೇರಿದ ಔಷಧ. ಮಾರಲು ಅಂಗಡಿಗೆ ಬೇರೆಯೇ ಪರವಾನಗಿ ಬೇಕು, ಬೀಗದಲ್ಲಿಡಬೇಕು, ಒಂದು ಚೀಟಿಯನ್ನು ಎರಡು ವರ್ಷ ಕಾಯ್ದಿಡಬೇಕು. ಹೀಗಾಗಿ ಬಹಳ ಅಂಗಡಿಗಳು ಆ ಗೊಡವೆಗೇ ಹೋಗುವುದಿಲ್ಲ. ನಾನು ಹೋದ ಮೊದಲ ಮೂರು ಅಂಗಡಿಗಳಲ್ಲಿ ಇಲ್ಲ ಎಂದರು. ನಾಲ್ಕನೆಯದರಲ್ಲಿ ಚೀಟಿ ಓದಿ ನನ್ನ ಮುಖವನ್ನೂ ಓದಿದರು. ಮರೆಗುಳಿಗೆ ಮದ್ದು ಬೇಕಾದರೆ ಅವನು ಎರಡು ಪ್ರತಿ ಚೀಟಿ, ತಾರೀಕು, ಮರುಭೇಟಿ ಇವನ್ನೆಲ್ಲ ಮರೆಯದೆ ನಿಭಾಯಿಸಬೇಕು. ಈ ನಿಯಮ ಮಾಡಿದವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಹೇಳಲಾರೆ.

ಔಷಧದ ಹುಟ್ಟಿನ ಕಥೆ ಮಾತ್ರ ಇಷ್ಟು ಗಂಭೀರವಾಗಿಲ್ಲ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಜೋನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಮೊದಲು ತಯಾರಿಸಿದ. ಅವನ ಹೆಂಡತಿ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದಳಂತೆ. ಅವಳನ್ನು ಮನೆಯಲ್ಲಿ ರೀಟಾ ಎನ್ನುತ್ತಿದ್ದರು. ಔಷಧಕ್ಕೆ ರಿಟಾಲಿನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅದಕ್ಕೂ ಏಳು ವರ್ಷ ಮೊದಲು, 1937ರಲ್ಲಿ, ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ತನ್ನ ಆಸ್ಪತ್ರೆಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಆಂಫೆಟಮಿನ್ (ಒಂದು ಉತ್ತೇಜಕ ಔಷಧ) ಕೊಟ್ಟಿದ್ದ. ಒಂದು ವೈದ್ಯಕೀಯ ಪರೀಕ್ಷೆಯಿಂದ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು, ಅದಕ್ಕೆಂದು ಹುಡುಕಿದ ಮದ್ದು. ತಲೆನೋವಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ, ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಕುಳಿತು ಪಾಠ ಓದತೊಡಗಿದರು. ಮಕ್ಕಳೇ ಅದಕ್ಕೆ ‘ಲೆಕ್ಕದ ಗುಳಿಗೆ’ ಎಂದು ಹೆಸರಿಟ್ಟರು. ಮಕ್ಕಳು ಇಟ್ಟ ಈ ಹೆಸರಿನಲ್ಲಿ ಎಷ್ಟು ನಿಜವಿತ್ತೆಂಬುದು ತಿಳಿಯಲು ಅರುವತ್ತೇಳು ವರ್ಷ ಹಿಡಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. (ಈ ‘ಆಮೇಲೆ’ಯನ್ನು ನಂಬಬಹುದು.)

ಮೊದಲ ದಿನ ಏನಾಯಿತೆಂದು ಎಲ್ಲರೂ ಕೇಳುತ್ತಾರೆ. ಏನೂ ಆಗಲಿಲ್ಲ ಎನ್ನುವುದೇ ಸರಿ. ತಲೆಯಲ್ಲಿ ದೀಪ ಹತ್ತಲಿಲ್ಲ, ಮೈ ಜುಮ್ಮೆನ್ನಲಿಲ್ಲ. ನುಂಗಿ ಒಂದು ಗಂಟೆಯಾದ ಮೇಲೆ ನೋಡಿದರೆ ಜಿಎಸ್‌ಟಿ ಬಿಲ್ಲುಗಳ ಕಡತ ನನ್ನ ಮುಂದೆ ತೆರೆದಿತ್ತು, ನಾನು ಅರ್ಧ ಮುಗಿಸಿದ್ದೆ. ತಿಂಗಳ ವಿವರ ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಎಷ್ಟು ವರ್ಷ ಎಷ್ಟು ಐವತ್ತುಗಳನ್ನು ಕಟ್ಟಿದ್ದೇನೋ ಲೆಕ್ಕವಿಲ್ಲ. ಅಂದು ಆ ಬಿಲ್ಲುಗಳು ಎದ್ದು ಓಡಿಹೋಗುವಷ್ಟು ಬೇಸರ ತರಿಸಲಿಲ್ಲ. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದೆ: ಹತ್ತೂ ಹತ್ತು. ಹತ್ತೂವರೆಗೆ ಕಾಗದದ ಅಂಗಡಿಗೆ ಹೋಗಬೇಕಿತ್ತು. ಇನ್ನು ಇಪ್ಪತ್ತು ನಿಮಿಷ ಎಂದುಕೊಂಡೆ, ಮತ್ತು ಆ ಇಪ್ಪತ್ತು ನಿಮಿಷಕ್ಕೆ ಒಂದು ಉದ್ದ ಇದೆ ಎನ್ನಿಸಿತು. ಇಷ್ಟು ಬಿಲ್ಲು ಇಷ್ಟರಲ್ಲಿ ಹಿಡಿಸುತ್ತದೆ, ಚೀಲದಲ್ಲಿ ಇಷ್ಟು ಮಂಡಕ್ಕಿ ಹಿಡಿಸುತ್ತದೆ ಎಂಬ ಹಾಗೆ. ನಲವತ್ತೊಂದು ವರ್ಷದವನು ಇದನ್ನು ಹೇಳಿದರೆ ಜನ ನಗುತ್ತಾರೆ. ಹುಟ್ಟಿನಿಂದ ಕಣ್ಣಿದ್ದವರಿಗೆ ಬಣ್ಣದ ಸುದ್ದಿ ಹೇಳಿದಂತೆ.

ಆ ವಾರ ಮಗಳೂ ನಾನೂ ಒಂದು ಆಟ ಶುರು ಮಾಡಿದೆವು. ನಾನು ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂರುವುದು, ಒಂದು ನಿಮಿಷವಾಯಿತೆನಿಸಿದಾಗ ಕೈ ಎತ್ತುವುದು, ಅವಳು ಮೊಬೈಲಿನಲ್ಲಿ ಅಳೆಯುವುದು. ಗುಳಿಗೆ ಇಲ್ಲದ ಭಾನುವಾರ ನನ್ನ ನಿಮಿಷಗಳು 38, 71, 44 ಸೆಕೆಂಡು. ನುಂಗಿದ ದಿನ 53, 57, 55. ಮೂರು ಮೂರು ಸಲದ ಮನೆಯಾಟದಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಆ ಅಂಕಿಗಳನ್ನು ಹಾಳು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ. ಆಗ ಇನ್ನೂ ನಾಲ್ಕುನೂರ ತೊಂಬತ್ತೊಂಬತ್ತು ಉಳಿದಿದ್ದವು.

ಇದು ಮಿದುಳಿನಲ್ಲಿ ಏನು ಮಾಡುತ್ತದೆ? ನಮ್ಮ ಕಡೆಯವರಿಗೆ ಭದ್ರಾ ನಾಲೆಯನ್ನು ಇಟ್ಟುಕೊಂಡು ಹೇಳುವುದು ಸುಲಭ. ನಾಲೆಗೆ ನೀರು ಬಿಟ್ಟರೂ ಕೊನೆಯ ಭಾಗದ ಗದ್ದೆಗಳಿಗೆ ತಲುಪುವುದಿಲ್ಲ. ದಾರಿಯುದ್ದಕ್ಕೂ ಪಂಪ್‌ಸೆಟ್ಟುಗಳು ಎಳೆದುಕೊಳ್ಳುತ್ತವೆ. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಡೋಪಮಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಬಿಟ್ಟ ಕೋಶದ ಮೇಲೆಯೇ ಅದನ್ನು ಮರಳಿ ಹೀರಿಕೊಳ್ಳುವ ಪಂಪುಗಳೂ ಇರುತ್ತವೆ. ಮೀಥೈಲ್‌ಫೆನಿಡೇಟ್ ಈ ಪಂಪುಗಳ ಬಾಯಿಗೆ ಅಡ್ಡ ಕೂರುತ್ತದೆ. ನಾರ್‌ಎಪಿನೆಫ್ರಿನ್ ಎಂಬ ಇನ್ನೊಂದು ರಾಸಾಯನಿಕದ ಪಂಪಿಗೂ ಹೀಗೆಯೇ ಮಾಡುತ್ತದೆ. ಬಿಟ್ಟ ನೀರು ಹೆಚ್ಚು ಹೊತ್ತು ನಾಲೆಯಲ್ಲಿ ನಿಲ್ಲುತ್ತದೆ, ಕೊನೆಯ ಗದ್ದೆಗೂ ಹೋಗುತ್ತದೆ. ಬ್ರಾಡ್ಲಿ ಕೊಟ್ಟ ಆಂಫೆಟಮಿನ್ ಇಷ್ಟಕ್ಕೆ ನಿಲ್ಲದೆ, ಒಳಗೆ ಕೂಡಿಟ್ಟ ಡೋಪಮಿನ್ನನ್ನೂ ಹೊರದಬ್ಬುತ್ತದೆ. ಪಂಪು ನಿಲ್ಲಿಸಿದ್ದಲ್ಲದೆ ಅಣೆಕಟ್ಟೆಯ ಗೇಟನ್ನೂ ಎತ್ತಿದ ಹಾಗೆ.

ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನೋರಾ ವೋಲ್ಕೊ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪೆಟ್ ಸ್ಕ್ಯಾನಿನಲ್ಲಿ ಅಳೆದು ತೋರಿಸಿದರು. ಬಾಯಿಯಿಂದ ತೆಗೆದುಕೊಂಡ 20 ಮಿಲಿಗ್ರಾಂ ಸುಮಾರು ಅರ್ಧದಷ್ಟು ಡೋಪಮಿನ್ ಪಂಪುಗಳನ್ನು ಮುಚ್ಚುತ್ತದೆ. ಪರಿಣಾಮ ಮೇಲಕ್ಕೇರಲು ಒಂದರಿಂದ ಒಂದೂವರೆ ಗಂಟೆ ಬೇಕು. ಇದೇ ತಂಡ 2004ರಲ್ಲಿ ಇನ್ನೊಂದು ಪ್ರಯೋಗದ ವರದಿ ಕೊಟ್ಟಿತು. ಆರೋಗ್ಯವಂತರಿಗೆ 20 ಮಿಲಿಗ್ರಾಂ ಕೊಟ್ಟು, ಒಂದು ಸಲ ಲೆಕ್ಕ ಮಾಡಲು ಹೇಳಿದರು, ಇನ್ನೊಂದು ಸಲ ಸುಮ್ಮನೆ ಚಿತ್ರದ ಕಾರ್ಡುಗಳನ್ನು ನೋಡಲು. ಗುಳಿಗೆ ಒಂದೇ, ಆದರೆ ಡೋಪಮಿನ್ ಗಣನೀಯವಾಗಿ ಏರಿದ್ದು ಲೆಕ್ಕ ಮಾಡಿದಾಗ ಮಾತ್ರ. ಅವರಿಗೆ ಆ ಲೆಕ್ಕ ಎಂದಿಗಿಂತ ಹೆಚ್ಚು ಆಸಕ್ತಿ ಹುಟ್ಟಿಸುವಂತೆ ಕಂಡಿತು. ಜಿಎಸ್‌ಟಿ ಕಡತ ನನ್ನನ್ನು ಹಿಡಿದು ಕೂರಿಸಿದ್ದರ ಗುಟ್ಟು ಇದು. ಬ್ರಾಡ್ಲಿಯ ಮಕ್ಕಳು ಹೆಸರಿಡುವುದರಲ್ಲಿ ಜಾಣರು.

ಹೊತ್ತಿನ ವಿಷಯ ಇಷ್ಟು ಸಲೀಸಾಗಿಲ್ಲ. ಹಿಂದೆ ಲಗ್ನದ ಮನೆಗಳಲ್ಲಿ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ತೂತಿನಿಂದ ನೀರು ಏರಿ, ತುಂಬಿ, ಬಟ್ಟಲು ಮುಳುಗಿದರೆ ಒಂದು ಗಳಿಗೆ, ಎಂದರೆ 24 ನಿಮಿಷ. ದಿನಕ್ಕೆ ಅರುವತ್ತು ಗಳಿಗೆ. ಮಿದುಳು ಸೆಕೆಂಡು, ನಿಮಿಷಗಳನ್ನು ಹೇಗೆ ಅಳೆಯುತ್ತದೆ ಎಂಬುದಕ್ಕೆ 1980ರ ದಶಕದಲ್ಲಿ ಗಿಬನ್, ಚರ್ಚ್, ಮೆಕ್ ಎಂಬ ವಿಜ್ಞಾನಿಗಳು ಬೆಳೆಸಿದ ವಿವರಣೆ ಈ ಬಟ್ಟಲನ್ನೇ ಹೋಲುತ್ತದೆ. ಒಳಗೆ ಏನೋ ಒಂದು ಮಿಡಿಯುತ್ತಿರುತ್ತದೆ, ಮಿಡಿತಗಳು ಒಂದೆಡೆ ಕೂಡುತ್ತವೆ, ಕೂಡಿದ್ದು ನೆನಪಿನಲ್ಲಿರುವ ಗುರುತು ಮುಟ್ಟಿದರೆ ‘ಹೊತ್ತಾಯಿತು’.

ವಾರನ್ ಮೆಕ್ ಇಲಿಗಳಿಗೆ ನಿಗದಿತ ಹೊತ್ತು ಕಳೆದ ಮೇಲೆ ಸನ್ನೆಗೋಲು ಒತ್ತಿ ತಿಂಡಿ ಪಡೆಯುವುದನ್ನು ಕಲಿಸಿದರು. ಆಮೇಲೆ ಡೋಪಮಿನ್ ಹೆಚ್ಚಿಸುವ ಮೆಥಾಂಫೆಟಮಿನ್ ಕೊಟ್ಟರೆ ಇಲಿಗಳು ಹೊತ್ತಿಗೆ ಮುಂಚೆಯೇ ಒತ್ತಿದವು. ಡೋಪಮಿನ್ನಿಗೆ ಅಡ್ಡಬರುವ ಹ್ಯಾಲೊಪೆರಿಡಾಲ್ ಕೊಟ್ಟರೆ ತಡವಾಗಿ ಒತ್ತಿದವು. ಡೋಪಮಿನ್ ಹೆಚ್ಚಾದರೆ ಬಟ್ಟಲಿನ ತೂತು ದೊಡ್ಡದಾಗುತ್ತದೆ, ಬೇಗ ಮುಳುಗುತ್ತದೆ ಎಂದು ಹೆಚ್ಚಿನವರು ಒಪ್ಪಿದರು. ನನಗೆ ಹಿಡಿಸಿದ್ದು ಆ ಪ್ರಯೋಗದ ಇನ್ನೊಂದು ತುಣುಕು: ಅದೇ ಔಷಧದ ಮೇಲೆ ದಿನಗಟ್ಟಲೆ ಅಭ್ಯಾಸ ಮಾಡಿದ ಇಲಿಗಳು ಮತ್ತೆ ಸರಿಯಾದ ಹೊತ್ತಿಗೆ ಒತ್ತಲು ಕಲಿತವು. ಗಡಿಯಾರ ಕೆಟ್ಟರೂ ಊಟದ ಹೊತ್ತು ತಿಳಿಯುವವರು ಎಲ್ಲ ಕುಲದಲ್ಲೂ ಇರುತ್ತಾರೆ.

ಒಪ್ಪಿದ್ದು 2016ರವರೆಗೆ. ಆ ವರ್ಷ ಲಿಸ್ಬನ್ನಿನ ಸೋಫಿಯಾ ಸೊವಾರೆಸ್, ಜೋಸೆಫ್ ಪೇಟನ್ ಮೊದಲಾದವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಉಲ್ಟಾ. ಎರಡು ಸದ್ದುಗಳ ನಡುವಿನ ಅಂತರ ಒಂದೂವರೆ ಸೆಕೆಂಡಿಗಿಂತ ಹೆಚ್ಚೋ ಕಡಿಮೆಯೋ ಹೇಳಲು ಅವರು ಸುಂಡಿಲಿಗಳಿಗೆ ಕಲಿಸಿದ್ದರು. ಡೋಪಮಿನ್ ಬಿಡುವ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿದಾಗ ಇಲಿಗಳು ‘ಕಡಿಮೆ’ ಎಂದದ್ದೇ ಹೆಚ್ಚು. ಒಳಗಿನ ಗಡಿಯಾರ ಓಡಿದ್ದರೆ ‘ಹೆಚ್ಚು’ ಎನ್ನಬೇಕಿತ್ತಲ್ಲ! ಖುಷಿಯಲ್ಲಿದ್ದಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎಂದು ನಾವು ಹೇಳುವುದಕ್ಕೆ ಇದು ಹೆಚ್ಚು ಹತ್ತಿರ. ಇಡೀ ದೇಹಕ್ಕೆ ಗಂಟೆಗಟ್ಟಲೆ ಹರಡುವ ಔಷಧಕ್ಕೂ, ಕೆಲವೇ ಕೋಶಗಳಿಗೆ ಕ್ಷಣಮಾತ್ರ ತಗುಲುವ ಬೆಳಕಿಗೂ ವ್ಯತ್ಯಾಸ ಇದ್ದೇ ಇದೆ. ಆದರೂ ತೂತು ದೊಡ್ಡದಾಯಿತು, ಸಣ್ಣದಾಯಿತು ಎಂಬ ಸರಳ ಮಾತು ಅಲ್ಲಿಗೆ ಬಿದ್ದುಹೋಯಿತು.

ಇದನ್ನೆಲ್ಲ ಓದಿ ತಲೆಕೆಡಿಸಿಕೊಂಡಿದ್ದಾಗ ಮಗಳು ಒಂದು ಮಾತು ಹೇಳಿದಳು. ನಮ್ಮ ನಿಮಿಷದಾಟದಲ್ಲಿ 53, 57, 55 ಬಂದದ್ದನ್ನು ನಾನು ಹೆಮ್ಮೆಯಿಂದ ಯಾರಿಗೋ ವರ್ಣಿಸುತ್ತಿದ್ದೆ. “ಅಪ್ಪ, ಗುಳಿಗೆ ತೆಗೆದುಕೊಂಡ ದಿನ ನೀನು ಒಂದರಿಂದ ಕೊನೆಯವರೆಗೆ ಎಣಿಸುತ್ತಿದ್ದೆ, ತುಟಿ ಅಲ್ಲಾಡುತ್ತಿತ್ತು. ಭಾನುವಾರ ಅರ್ಧಕ್ಕೇ ನಿಲ್ಲಿಸಿದ್ದೆ” ಎಂದಳು.

ಹೌದು. ಭಾನುವಾರ ಹದಿನೈದರ ಹೊತ್ತಿಗೆ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಕೇಳಿ ನನ್ನ ಮನಸ್ಸು ಅವಳ ಹಿಂದೆ ಹೋಗಿತ್ತು. ಆಮೇಲೆ ಅಂದಾಜಿನ ಮೇಲೆ ಕೈ ಎತ್ತಿದ್ದೆ. ಬಟ್ಟಲು ಸರಿಯಾಗಿಯೇ ಇತ್ತೋ ಏನೋ, ಅದರ ಪಕ್ಕದಲ್ಲಿ ಕುಳಿತು ನೋಡುವವನು ಎದ್ದು ಹೋಗುತ್ತಿದ್ದ. ನನ್ನ ಮಟ್ಟಿಗೆ ಗುಳಿಗೆ ಮಾಡಿದ ಕೆಲಸ, ಅವನನ್ನು ಬಟ್ಟಲಿನ ಬಳಿ ಕೂರಿಸಿದ್ದು.

ಲಂಡನ್ನಿನ ಕತ್ಯಾ ರೂಬಿಯಾ ಅವರ ತಂಡ 2009ರಲ್ಲಿ, ಎಡಿಎಚ್‌ಡಿ ಇರುವ ಹುಡುಗರು ಹೊತ್ತಿನ ಅಂತರಗಳನ್ನು ಗುರುತಿಸುವಾಗ ಮಂದವಾಗಿದ್ದ ಮಿದುಳಿನ ಮುಂಭಾಗದ ಕೆಲವು ಜಾಗಗಳು ಮೀಥೈಲ್‌ಫೆನಿಡೇಟ್ ಕೊಟ್ಟಾಗ ಇತರ ಮಕ್ಕಳ ಮಟ್ಟಕ್ಕೆ ಬಂದದ್ದನ್ನು ವರದಿ ಮಾಡಿತು. ಗಮನ ಕೊಡುವ ಭಾಗಗಳನ್ನೇ ಔಷಧ ಎಬ್ಬಿಸುತ್ತದೆ ಎಂಬ ಹಳೆಯ ನಂಬಿಕೆಗೆ ಇಂಥವೆಲ್ಲ ಬಲ ಕೊಟ್ಟಿದ್ದವು. 2025ರ ಕೊನೆಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅದನ್ನೂ ಅಲ್ಲಾಡಿಸಿದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಾವಿರಾರು ಅಮೆರಿಕನ್ ಮಕ್ಕಳ ಎಂಆರ್‌ಐ ಚಿತ್ರಗಳನ್ನು ನೋಡಿದರು. ಈ ಬಗೆಯ ಉತ್ತೇಜಕ ಔಷಧ ತೆಗೆದುಕೊಂಡ ಮಕ್ಕಳಲ್ಲಿ ಬದಲಾವಣೆ ಕಂಡದ್ದು ಮುಖ್ಯವಾಗಿ ಎಚ್ಚರಕ್ಕೆ ಮತ್ತು ಫಲದ ನಿರೀಕ್ಷೆಗೆ ಸಂಬಂಧಿಸಿದ ಜಾಲಗಳಲ್ಲಿ. ಗಮನದ್ದೆಂದು ಹೆಸರಾದ ಜಾಲಗಳಲ್ಲಿ ಅಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಮಿದುಳಿಗೂ ಇದಕ್ಕೂ ಹೋಲಿಕೆಯಿತ್ತು. ನಿದ್ದೆಗೆಟ್ಟ ಮಗುವಿನ ಮಿದುಳಿನ ಗುರುತನ್ನು ಔಷಧ ಅಳಿಸಿಬಿಡುತ್ತದೆ ಎಂಬುದು ಅದರೊಳಗಿನ ಎಚ್ಚರಿಕೆ. ಅದನ್ನು ಓದಿದ ರಾತ್ರಿ ಮಗಳ ಮೊಬೈಲನ್ನು ಒಂಬತ್ತಕ್ಕೇ ಕಿತ್ತಿಟ್ಟೆ. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು.

ಎಚ್ಚರ ಮತ್ತು ಫಲದ ನಿರೀಕ್ಷೆ ಎಂದರೆ ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ನನ್ನ ‘ಆಮೇಲೆ’ಗೆ ಆದದ್ದೂ ಅದೇ. ಗುರುವಾರ ಕೊಡಬೇಕಾದ ಕಾರ್ಡಿಗೆ ಸೋಮವಾರವೇ ಒಂದಿಷ್ಟು ತೂಕ ಬಂತು. ಮೊದಲು ಆ ಕತ್ತಲೆ ಕೋಣೆಯಲ್ಲಿ ಯಾವುದಕ್ಕೂ ತೂಕವಿರಲಿಲ್ಲ. ಸಿಗುವ ದುಡ್ಡು, ಬೈಗುಳ, ಎರಡೂ ಹತ್ತಿರ ಬರುವವರೆಗೆ ಹತ್ತಿಯಷ್ಟು ಹಗುರ.

ಇನ್ನು ಕೊಡುವ ಬೆಲೆ. ಈ ಊರಿನಲ್ಲಿ ಹುಟ್ಟಿ ಬೆಣ್ಣೆ ದೋಸೆಯನ್ನು ತಟ್ಟೆಯಲ್ಲಿ ಬಿಟ್ಟು ಏಳುವವನನ್ನು ಜನ ಹೇಗೆ ನೋಡುತ್ತಾರೆಂದು ನನಗೀಗ ಗೊತ್ತು. ಹೋಟೆಲಿನವರು ಬಂದು, “ಏನಾದರೂ ಕೆಟ್ಟಿತ್ತೇನಣ್ಣ?” ಎಂದು ಕಳವಳದಿಂದ ಕೇಳಿದರು. ಹಸಿವು ಮಧ್ಯಾಹ್ನದವರೆಗೆ ಬರುವುದೇ ಇಲ್ಲ. ಬಾಯಿ ಒಣಗುತ್ತದೆ, ನಾಡಿ ತುಸು ಏರುತ್ತದೆ. ನಾನು ತೆಗೆದುಕೊಳ್ಳುವ ಸಾದಾ ಗುಳಿಗೆಯ ಪ್ರಭಾವ ನಾಲ್ಕು ಗಂಟೆಯ ಆಸುಪಾಸು. ಪಂಚಾಂಗದ ಲೆಕ್ಕದಲ್ಲಿ ಹತ್ತು ಗಳಿಗೆ. ಹನ್ನೆರಡೂವರೆ ದಾಟುತ್ತಲೇ ನಾಲೆಯ ನೀರು ಇಳಿಯುವುದು ತಿಳಿಯುತ್ತದೆ. ಆಗ ಒಂದರ್ಧ ಗಂಟೆ ನನ್ನಷ್ಟು ಸಿಡುಕ ಇಡೀ ಚೌಕಿಪೇಟೆಯಲ್ಲಿ ಇರಲಾರ. ಆ ಹೊತ್ತಿನಲ್ಲಿ ಗಿರಾಕಿಗಳ ಜೊತೆ ದರ ಮಾತನಾಡುವ ಕೆಲಸವನ್ನು ಹೆಂಡತಿ ತನ್ನ ಕೈಗೆ ತೆಗೆದುಕೊಂಡಿದ್ದಾಳೆ.

ಎದುರು ಮನೆಯ ಹುಡುಗ ನೀಟ್ ಪರೀಕ್ಷೆಗೆ ಓದುತ್ತಿದ್ದಾನೆ. ಒಂದು ಸಂಜೆ ಅಂಗಡಿಗೆ ಬಂದು, ಸುತ್ತಿ ಬಳಸಿ, “ಅಣ್ಣ, ನಿಮ್ಮ ಆ ಗುಳಿಗೆ ಒಂದೆರಡು ಸಿಗುತ್ತದೆಯೇ?” ಎಂದ. ಯಾರಿಂದ ತಿಳಿಯಿತೋ! ಕಾನೂನಿನ ಮಾತು ಹೇಳಿದೆ, ಹೃದಯದ ಮಾತು ಹೇಳಿದೆ, ಅವನು ಕದಲಲಿಲ್ಲ. ಆಗ ಮೆಲ್ಬರ್ನಿನ ಚೀಲದ ಕಥೆ ಹೇಳಿದೆ. 2023ರಲ್ಲಿ ಪ್ರಕಟವಾದ ಪ್ರಯೋಗ ಅದು. ಎಡಿಎಚ್‌ಡಿ ಇಲ್ಲದ 40 ಜನರಿಗೆ ಒಂದು ಒಗಟು ಕೊಟ್ಟರು: ಇಷ್ಟೇ ತೂಕ ಹಿಡಿಯುವ ಚೀಲ, ಬೇರೆ ಬೇರೆ ತೂಕ ಮತ್ತು ಬೆಲೆಯ ಸಾಮಾನು, ಯಾವುದನ್ನು ತುಂಬಿದರೆ ಬೆಲೆ ಹೆಚ್ಚು? ನಮ್ಮ ಮಂಡಿಪೇಟೆಯಲ್ಲಿ ದಿನವೂ ಬಿಡಿಸುವ ಲೆಕ್ಕ. ಮೀಥೈಲ್‌ಫೆನಿಡೇಟ್ ಸೇರಿದಂತೆ ಮೂರು ಉತ್ತೇಜಕಗಳಲ್ಲಿ ಯಾವುದನ್ನು ತೆಗೆದುಕೊಂಡಾಗಲೂ ಜನ ಹೆಚ್ಚು ಹೊತ್ತು ಕುಳಿತರು, ಹೆಚ್ಚು ಸಲ ಸಾಮಾನು ಹಾಕಿದರು, ತೆಗೆದರು. ಶ್ರಮ ಏರಿತು, ಶ್ರಮದ ಗುಣ ಇಳಿಯಿತು. ಮದ್ದಿಲ್ಲದೆ ಚೆನ್ನಾಗಿ ಮಾಡಿದ್ದವರೇ ಹಲವರು ಮದ್ದಿನ ಮೇಲೆ ಸರಾಸರಿಗಿಂತ ಕೆಳಗಿಳಿದರು.

ಹುಡುಗ ನಂಬಲಿಲ್ಲ. ಕಪಾಟಿನಿಂದ ‘ಶುಭ ಗುಳಿಗೆಯಲ್ಲಿ’ ಕಾರ್ಡು ತೆಗೆದು ಕೊಟ್ಟೆ. “ಇದನ್ನು ಗುಳಿಗೆ ನುಂಗಿಯೇ ಜೋಡಿಸಿದ್ದು” ಎಂದೆ. ಓದಿ, ನಕ್ಕು, ಕಾರ್ಡನ್ನು ಪುಸ್ತಕದಲ್ಲಿಟ್ಟುಕೊಂಡು ಹೋದ.

ದಿನಕ್ಕೊಂದೇ ಸಲ ನುಂಗುವ ಬಗೆಯೂ ಇದೆ. ಅಂಥ ಒಂದು ಗುಳಿಗೆಯ ರಚನೆಯನ್ನು ಓದಿ ಅವ್ವನಿಗೆ ಹೇಳಿದೆ. ಗಟ್ಟಿ ಚಿಪ್ಪು, ಅದರ ಒಂದು ತುದಿಯಲ್ಲಿ ಲೇಸರಿನಿಂದ ಕೊರೆದ ಸಣ್ಣ ತೂತು. ಹೊಟ್ಟೆಯ ನೀರು ಚಿಪ್ಪಿನ ಮೂಲಕ ನಿಧಾನವಾಗಿ ಒಳಗೆ ಇಳಿಯುತ್ತದೆ, ಒಳಗಿನ ಒಂದು ಪದರ ಉಬ್ಬುತ್ತದೆ, ಉಬ್ಬಿದಂತೆ ಔಷಧವನ್ನು ತೂತಿನಿಂದ ಹೊರಕ್ಕೆ ತಳ್ಳುತ್ತದೆ. ಇದರ ಪ್ರಭಾವ ಹತ್ತು ಹನ್ನೆರಡು ಗಂಟೆ. ಕೊನೆಗೆ ಖಾಲಿ ಚಿಪ್ಪು ಹಾಗೆಯೇ ಹೊರಗೆ ಹೋಗುತ್ತದೆ. ಅವ್ವ ಹುಣಸೆಹಣ್ಣು ಬಿಡಿಸುತ್ತಾ ಕೇಳಿದಳು. “ನಮ್ಮ ಅಜ್ಜನ ಮನೆಯಲ್ಲಿ ಒಂದು ಗಳಿಗೆ ಬಟ್ಟಲಿತ್ತು. ಅದನ್ನು ನುಂಗುವಷ್ಟು ಸಣ್ಣದು ಮಾಡಿದ್ದಾರೆ ಅನ್ನು” ಎಂದಳು. ಇಷ್ಟೆಲ್ಲ ಓದಿದ ನನಗೆ ಅದು ಹೊಳೆದಿರಲಿಲ್ಲ.

ವೈದ್ಯರ ಒಪ್ಪಿಗೆಯಿಂದ ಭಾನುವಾರ ನಾನು ನುಂಗುವುದಿಲ್ಲ. ಮಾಳಿಗೆಯಲ್ಲಿ ಒಂದು ಪೆಟ್ಟಿಗೆಯಿದೆ, ಅಪ್ಪ ಮಿಲ್ಲು ಬಿಟ್ಟ ಮೇಲೆ ಕೊಂಡ ಹಳೆಯ ಮುದ್ರಣಾಲಯದ ಸತುವಿನ ಬ್ಲಾಕುಗಳು: ಬಾಳೆಕಂಬ, ಕಳಶ, ನಂದಿ, ಕೈಕುಲುಕುವ ಎರಡು ಕೈ, ಮೂಗು ಸವೆದ ಗಣಪತಿ. ಊಟವಾದ ಮೇಲೆ ಅದನ್ನು ತೆರೆದರೆ ದೀಪ ಹಚ್ಚುವವರೆಗೆ ನಾನು ಇರುವುದಿಲ್ಲ. ಯಾರು ಕರೆದರೂ ಕೇಳಿಸುವುದಿಲ್ಲ. ಗುಳಿಗೆಯ ದಿನ ಇದೇ ಪೆಟ್ಟಿಗೆ ತೆರೆದು ನೋಡಿದ್ದೇನೆ. ಇಪ್ಪತ್ತು ನಿಮಿಷ ನೋಡಿ, ಒರೆಸಿ, ಸಾಲಾಗಿ ಜೋಡಿಸಿ ಮುಚ್ಚಿದೆ. ಬ್ಲಾಕುಗಳು ಅಚ್ಚುಕಟ್ಟಾದವು. ಆ ಹಳೆಯ ಮುಳುಗುವಿಕೆ ಸಿಗಲಿಲ್ಲ. ಇದು ನಷ್ಟವೇ ಎಂದು ಕೇಳಿದರೆ, ಹೌದು, ನಷ್ಟವೇ. ಆರು ದಿನ ಗಿರಾಕಿಗೆ, ಒಂದು ದಿನ ಗಣಪತಿಗೆ ಎಂದು ಒಪ್ಪಂದ ಮಾಡಿಕೊಂಡಿದ್ದೇನೆ.

ಕೊಂಬು ಕಿತ್ತು ಮತ್ತೆ ಅಚ್ಚು ಹಾಕಿದ ಆ ಐನೂರು ಪತ್ರಿಕೆಗಳು ಹೇಳಿದ ದಿನಕ್ಕೆ ಎರಡು ದಿನ ಮೊದಲೇ ಹೋದವು. ಹೆಣ್ಣಿನ ತಂದೆ ಖುಷಿಯಿಂದ ನನ್ನನ್ನೂ ಕರೆದಿದ್ದರು. ಎಂಟೂವರೆಗೆ ನುಂಗಿ, ಸ್ನಾನ ಮಾಡಿ, 9.40ಕ್ಕೆ ಸಮುದಾಯ ಭವನ ತಲುಪಿದೆ. ಮುಹೂರ್ತಕ್ಕೆ ಎರಡು ಗಳಿಗೆಗೂ ಹೆಚ್ಚು ಹೊತ್ತಿತ್ತು. ಒಳಗೆ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿಗಳ ರಾಶಿಯ ಮುಂದೆ ನಿಂತಿದ್ದ.

“ಯಾವ ಕಡೆಯವರು, ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?” ಎಂದ.

“ಪತ್ರಿಕೆಯ ಕಡೆಯವನು” ಎಂದೆ.

ಅವನಿಗೆ ಅರ್ಥವಾಗಲಿಲ್ಲ. “ಆಗಲಿ ಬಿಡಿ, ಬೇಗ ಬಂದಿದ್ದೀರಿ, ಆ ತುದಿ ಹಿಡಿಯಿರಿ” ಎಂದ. ಇಬ್ಬರೂ ಸೇರಿ ಸಾಲಿಗೆ ಹದಿನಾಲ್ಕರಂತೆ ಕುರ್ಚಿ ಹಾಕಿದೆವು. ಬಾಳೆಕಂಬ ಕಟ್ಟುವವರು ಬಂದರು, ಓಲಗದವರು ಬಂದು ಚಹಾ ಕೇಳಿದರು, ಅಕ್ಕಿಕಾಳಿನ ತಟ್ಟೆ ಬಂತು. ಕೊನೆಯ ಸಾಲು ಮುಗಿಸಿ ಬೆವರು ಒರೆಸಿಕೊಂಡು ಗೋಡೆ ನೋಡಿದೆ: 10.35. ವರನ ದಿಬ್ಬಣ ಇನ್ನೂ ಜಯದೇವ ವೃತ್ತದಲ್ಲಿತ್ತು.